ಅಪ್ಪನ ಉದ್ರಿ ಪುಸ್ತಕವೂ ಲ್ಯಾಸ್ಪಿಯರನ ಸೂತ್ರವೂ

1995ರಲ್ಲಿ ನಾನು ಕಾಲೇಜಿಗೆ ಬಿ.ಕಾಂ. ಸೇರಿದಾಗ ನನ್ನ ಬ್ಯಾಗಿನಲ್ಲಿದ್ದ ಕ್ಯಾಲ್ಕುಲೇಟರ್‌ನಲ್ಲಿ 5 ಒತ್ತಿದರೆ ಕೆಲವು ಸಲ 55 ಬೀಳುತ್ತಿತ್ತು. ಅದು ಅಪ್ಪನ ಕಿರಾಣಿ ಅಂಗಡಿಯದ್ದು. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಹತ್ತು ವರ್ಷ ಬೇಳೆ, ಬೆಲ್ಲ, ಸೀಮೆಎಣ್ಣೆಯ ಲೆಕ್ಕ ಹಾಕಿ ಸುಸ್ತಾಗಿತ್ತು ಪಾಪ. ಅಪ್ಪನಿಗೆ ಬಾಯಿಲೆಕ್ಕವೇ ಸಾಕಿತ್ತು. ಹಾಗಾಗಿ ಅದು ನನ್ನ ಪಾಲಿಗೆ ಬಂತು.

ಎರಡನೇ ವರ್ಷ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಶುರುವಾಯಿತು. ಪಿಯುಸಿವರೆಗೂ ಕನ್ನಡ ಮೀಡಿಯಮ್‌ನಲ್ಲಿ ಓದಿದ ನಮಗೆ ಲೆಕ್ಕಕ್ಕಿಂತ ಸೂತ್ರ ಕೊಟ್ಟವರ ಹೆಸರುಗಳೇ ಜಾಸ್ತಿ ಹೆದರಿಕೆ. ಕಾರ್ಲ್ ಪಿಯರ್ಸನ್, ಸ್ಪಿಯರ್‌ಮನ್, ಲ್ಯಾಸ್ಪಿಯರ್. ಇವರೆಲ್ಲ ಶೇಕ್ಸ್‌ಪಿಯರನ ಅಣ್ಣತಮ್ಮಂದಿರಾ ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮೇಷ್ಟ್ರು ನಕ್ಕು ಸುಮ್ಮನಾಗಲಿಲ್ಲ. ಬೋರ್ಡಿನ ಮೂಲೆಯಲ್ಲಿ 'ಸಿ.ಆರ್. ರಾವ್' ಅಂತ ಬರೆದು, "ಇವರು ದೊಡ್ಡ ಸಂಖ್ಯಾಶಾಸ್ತ್ರಜ್ಞರು. ಎಲ್ಲಿ ಹುಟ್ಟಿದ್ದು ಗೊತ್ತಾ?" ಅಂದರು. ಯಾರಿಗೂ ಗೊತ್ತಿರಲಿಲ್ಲ. "ಹೂವಿನ ಹಡಗಲಿಯಲ್ಲಿ. 1920ರಲ್ಲಿ. ಈ ಪಿಯರ್‌ಗಳ ಸಾಲಿನಲ್ಲಿ ನಮ್ಮ ಹಡಗಲಿಯವರೂ ಕೂತಿದ್ದಾರೆ." ಆ ಹೆಸರನ್ನು ಅವತ್ತು ಅವರು ಅಳಿಸಲೇ ಇಲ್ಲ. 2023ರಲ್ಲಿ ರಾವ್ ಅವರು 102 ವರ್ಷಕ್ಕೆ ತೀರಿಕೊಂಡ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಬೋರ್ಡಿನ ಆ ಮೂಲೆ.

ಮೋಡ್, ಅಂದರೆ ಅತಿ ಹೆಚ್ಚು ಸಲ ಬರುವ ಅಂಕಿ, ಆ ಪಾಠ ಮಾತ್ರ ಯಾರಿಗೂ ಬೇಡ. ಗ್ರೂಪಿಂಗ್ ಟೇಬಲ್ ಅಂತ ಆರು ಕಾಲಂ ಹಾಕಬೇಕು, ಎರಡೆರಡು, ಮೂರುಮೂರು ಕೂಡಿಸಬೇಕು, ಆಮೇಲೆ ಅನಾಲಿಸಿಸ್ ಟೇಬಲ್. ಸ್ಕೇಲು, ಪೆನ್ಸಿಲ್ಲು ಹಿಡಿದು ಗೆರೆ ಹೊಡೆಯುವುದರಲ್ಲೇ ಅರ್ಧ ಪೀರಿಯಡ್ ಮುಗಿಯುತ್ತಿತ್ತು. ಇಷ್ಟೆಲ್ಲ ಯಾಕೆ, ಸರಾಸರಿ ಇದೆಯಲ್ಲ ಅಂತ ನಾನು ಗೊಣಗಿದ್ದು ಮೇಷ್ಟ್ರಿಗೆ ಕೇಳಿಸಿತು.

"ನಿಮ್ಮದು ಅಂಗಡಿ ಅಲ್ವಾ? ಒಂದು ದಿನ 19 ಜನ ಕಾಲು ಕಾಲು ಲೀಟರ್ ಎಣ್ಣೆ ತಗೊಂಡರು. ಒಬ್ಬ ಹೋಟೆಲಿನವನು 15 ಲೀಟರಿನ ಡಬ್ಬ ಹೊತ್ತುಕೊಂಡು ಹೋದ. ಸರಾಸರಿ ಎಷ್ಟು?"

ಒತ್ತಿ ನೋಡಿದೆ. ಹೆಚ್ಚುಕಡಿಮೆ ಒಂದು ಲೀಟರ್.

"ಒಂದು ಲೀಟರ್ ತಗೊಂಡವರು ಎಷ್ಟು ಜನ?"

ಒಬ್ಬರೂ ಇಲ್ಲ. ಜಾಸ್ತಿ ಜನ ಒಯ್ದಿದ್ದು ಕಾಲು ಲೀಟರ್, ಅದೇ ಮೋಡ್. ಮೋಡ್‌ಗೆ ನಮ್ಮ ಹಳೇ ಕನ್ನಡ ಪುಸ್ತಕದಲ್ಲಿ 'ರೂಢಿಬೆಲೆ' ಅಂತ ಇತ್ತು. ಹೈಸ್ಕೂಲಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದ ಪದ. ಅದರೊಳಗೆ 'ರೂಢಿ' ಇರುವುದು ನನ್ನ ಕಣ್ಣಿಗೆ ಬಿದ್ದಿದ್ದು ಅವತ್ತೇ.

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಶನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎ ಮತ್ತು ಬಿ ಅನ್ನುವ ಇಬ್ಬರು ಬ್ಯಾಟ್ಸ್‌ಮನ್‌ಗಳು ಪ್ರತಿ ವರ್ಷದ ಪ್ರಶ್ನೆಪತ್ರಿಕೆಯಲ್ಲೂ ಆಡುತ್ತಿದ್ದರು, ಯಾರು ಹೆಚ್ಚು ಕನ್ಸಿಸ್ಟೆಂಟ್ ಅಂತ ನಾವು ಹೇಳಬೇಕಿತ್ತು. ಬಿ.ಕಾಂ. ಮಾಡಿದವರಿಗೆಲ್ಲ ಆ ಇಬ್ಬರೂ ಗೊತ್ತು. ಎರಡು ಸಂಗತಿ ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಅಂತ ಹೇಳುವ ಕೋರಿಲೇಶನ್ ಟೆಸ್ಟಿನಲ್ಲಿ ನನ್ನ ಉತ್ತರ 1.3 ಬಂತು. ಅದು ಒಂದನ್ನು ದಾಟುವ ಹಾಗೇ ಇಲ್ಲ. ಗೊತ್ತಿದ್ದೂ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಮೇಷ್ಟ್ರು ಪೇಪರ್ ಕೊಡುತ್ತಾ, "ಮಾರ್ಕ್ಸೂ 100ಕ್ಕೆ 130 ಹಾಕಲೇನಮ್ಮ?" ಅಂದರು. ತಪ್ಪನ್ನು ಕ್ಯಾಲ್ಕುಲೇಟರಿನ 5ರ ತಲೆಗೆ ಕಟ್ಟಿದೆ.

ನನಗೆ ನಿಜವಾಗಿ ಹಿಡಿಸಿದ್ದು ಇಂಡೆಕ್ಸ್ ನಂಬರ್, ಸೂಚ್ಯಂಕ. ಬೆಲೆ ಎಷ್ಟು ಏರಿತು ಅಂತ ಒಂದೇ ಅಂಕಿಯಲ್ಲಿ ಹೇಳಬೇಕು. ಆದರೆ ಉಪ್ಪೂ ಏರಿತು, ಬೇಳೆಯೂ ಏರಿತು ಅಂದರೆ ಎರಡನ್ನೂ ಒಂದೇ ತೂಕಕ್ಕೆ ಹಾಕೋಕಾಗುತ್ತಾ? 1871ರಲ್ಲಿ ಜರ್ಮನಿಯ ಲ್ಯಾಸ್ಪಿಯರ್ ಹೇಳಿದ್ದು, ಹಳೇ ವರ್ಷ ಎಷ್ಟೆಷ್ಟು ಕೊಂಡಿದ್ದಿರೋ ಆ ಲೆಕ್ಕ ಹಿಡಿಯಿರಿ ಅಂತ. 1874ರಲ್ಲಿ ಅದೇ ದೇಶದ ಪಾಶೆ ಬಂದು, ಇಲ್ಲ, ಈಗ ಕೊಳ್ಳುವ ಲೆಕ್ಕ ಹಿಡಿಯಿರಿ ಅಂದ. ನಾವು ಗುರುತಿಟ್ಟುಕೊಂಡಿದ್ದು ಹೀಗೆ: ಲಾ ಅಂದರೆ ಲಾಸ್ಟ್ ಇಯರ್, ಪಾ ಅಂದರೆ ಪ್ರೆಸೆಂಟ್ ಇಯರ್. ಅಮೆರಿಕದ ಫಿಶರ್ ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು ರಾಜಿ ಮಾಡಿಸಿದ. ಮೇಷ್ಟ್ರಿಗೆ ಈ ಪಾಠದ ಮೇಲೆ ಸ್ವಂತ ಪ್ರೀತಿ ಇತ್ತು. "ನನ್ನ ಡಿಎ, ತುಟ್ಟಿಭತ್ಯೆ, ನಿಂತಿರೋದೇ ಇದರ ಮೇಲೆ" ಅನ್ನುತ್ತಿದ್ದರು. ಆಗ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ 1982ನ್ನು 100 ಅಂತ ಇಟ್ಟುಕೊಂಡಿದ್ದರು. ಅಲ್ಲಿ ನಡೆಯುವುದು ಲ್ಯಾಸ್ಪಿಯರನ ದಾರಿಯೇ. ಪ್ರತಿ ತಿಂಗಳು ಮನೆಮನೆಗೆ ಹೋಗಿ ನೀವೆಷ್ಟು ಬೇಳೆ ತಿಂದಿರಿ ಅಂತ ಕೇಳೋಕಾಗಲ್ಲವಲ್ಲ.

ಅಸೈನ್‌ಮೆಂಟಿಗೆ ಪುಸ್ತಕದ ಲೆಕ್ಕ ಬೇಡ, ನಿಮ್ಮೂರಿನದು ತನ್ನಿ ಅಂದರು. ನಾನು ಊರಿಗೆ ಹೋಗಿ ಅಪ್ಪನ ಉದ್ರಿ ಪುಸ್ತಕ ಕೆಳಗಿಳಿಸಿದೆ. 1994ರ ಆಷಾಢ, 1996ರ ಆಷಾಢ. ಎಂಟು ಸಾಮಾನು ಹಾಕಿದ್ದೆ. ಮನಸ್ಸಿನಲ್ಲಿ ಉಳಿದಿರುವುದು ಎರಡೇ. ತೊಗರಿಬೇಳೆ ಕಿಲೋಗೆ 20 ಇದ್ದದ್ದು 30 ಆಗಿತ್ತು. ಹುರುಳಿ ಸೇರಿಗೆ 8 ಇದ್ದದ್ದು 10. ಮೊದಲ ಆಷಾಢದಲ್ಲಿ ಬೇಳೆ 100 ಕಿಲೋ, ಹುರುಳಿ 40 ಸೇರು ಹೋಗಿತ್ತು. ಎರಡನೆಯದರಲ್ಲಿ ಬೇಳೆ 70ಕ್ಕೆ ಇಳಿದಿತ್ತು, ಹುರುಳಿ 80ಕ್ಕೆ ಏರಿತ್ತು. ಇವೆರಡನ್ನೇ ಹಿಡಿದು ಮೊದಲ ಆಷಾಢವನ್ನು 100 ಅಂತ ಇಟ್ಟುಕೊಂಡರೆ ಲ್ಯಾಸ್ಪಿಯರ್ 146.55, ಪಾಶೆ 142.16. ಫಿಶರ್ ನಡುವೆ, 144.34.

ಲ್ಯಾಸ್ಪಿಯರನಿಗೂ ಪಾಶೆಗೂ ನಡುವಿನ ನಾಲ್ಕು ಚಿಲ್ಲರೆ ಅಂಕ ಎಲ್ಲಿ ಹೋಯಿತು? ಬುಡ್ಡಿದೀಪದಲ್ಲಿ ಮೂರು ಸಲ ಕೂಡಿಸಿದೆ. ಕರೆಂಟ್ ಬಂದ ಮೇಲೆ ಮತ್ತೊಂದು ಸಲ. ತಪ್ಪು ಸಿಗಲಿಲ್ಲ. ಕೊನೆಗೆ ಅಪ್ಪನನ್ನೇ ಕೇಳಿದೆ. ಅವರು ಪುಟವನ್ನು ಒಂದು ಗಳಿಗೆಯೂ ನೋಡಲಿಲ್ಲ. "ಬೇಳೆ ತುಟ್ಟಿ ಆದ್ರೆ ಜನ ಹುರುಳಿಗೆ ಇಳೀತಾರೆ ಕಣಮ್ಮ. ದಿನಾ ಬೇಳೆಸಾರು ಮಾಡ್ತಿದ್ದೋರು ಹುರುಳಿ ಸಾರು ಮಾಡ್ತಾರೆ. ಇದಕ್ಕೂ ಕಾಲೇಜ್ ಬೇಕಾ?"

ಅಸೈನ್‌ಮೆಂಟಿನ ಕೊನೆಗೆ ಆ ಮಾತನ್ನು ಹಾಗೇ, ಕನ್ನಡದಲ್ಲೇ ಬರೆದೆ. ಜನ ತುಟ್ಟಿ ಸಾಮಾನು ಬಿಟ್ಟು ಅಗ್ಗದ್ದಕ್ಕೆ ಇಳಿದಿದ್ದು ಲ್ಯಾಸ್ಪಿಯರನಿಗೆ ಕಾಣುವುದಿಲ್ಲ. ಅವನ ಲೆಕ್ಕದಲ್ಲಿ ಊರಿನವರು ಇನ್ನೂ 100 ಕಿಲೋ ಬೇಳೆಯನ್ನೇ ತಿನ್ನುತ್ತಿದ್ದಾರೆ. ಅದಕ್ಕೇ ಅವನ ಅಂಕಿ ಮೇಲೆ.

ಮೇಷ್ಟ್ರು ಹತ್ತಕ್ಕೆ ಎಂಟು ಹಾಕಿದ್ದರು. ಅಪ್ಪನ ಮಾತಿನ ಪಕ್ಕ ಕೆಂಪು ಇಂಕಿನಲ್ಲಿ ಸರಿ ಗುರುತು, ಹುರುಳಿಯ ಸಾಲಿನ ಪಕ್ಕ, "ಒಂದು ಕಿಲೋ, ಇನ್ನೊಂದು ಸೇರು, ಯಾಕೆ?" ಅಂತ ಪ್ರಶ್ನೆ. ಎರಡು ಅಂಕ ಅಲ್ಲಿ ಹೋಗಿತ್ತು. ನಾನು ಸ್ಟಾಫ್ ರೂಮಿಗೆ ಹೋದೆ. ಕೈ ನಡುಗುತ್ತಿತ್ತು. "ಸಾರ್, ಬೆಲೆಯೂ ಸೇರಿನದ್ದೇ, ಪ್ರಮಾಣವೂ ಸೇರಿನದ್ದೇ. ಗುಣಿಸಿದರೆ ರೂಪಾಯಿ ಬರುತ್ತೆ. ಕಿಲೋ ಮಾಡಿದರೂ ಉತ್ತರ ಅದೇ. ಅಳತೆ ಬದಲಾದರೂ ಸೂಚ್ಯಂಕ ಬದಲಾಗಬಾರದು ಅಂತ ನೀವೇ ಹೇಳಿದ ಯುನಿಟ್ ಟೆಸ್ಟ್ ಅಲ್ವಾ ಸಾರ್?"

ಅವರು ಕನ್ನಡಕ ತೆಗೆದು ಲೆಕ್ಕವನ್ನು ಮೇಲಿನಿಂದ ಕೆಳಗೆ ನೋಡಿದರು. ಎಂಟನ್ನು ಹೊಡೆದು ಹತ್ತು ಮಾಡಿ ಪಕ್ಕದಲ್ಲಿ ಸಹಿ ಹಾಕಿದರು. ನಾನು ಬಾಗಿಲಿನ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರು: "ಹುರುಳಿ ಈಗ ಸೇರಿಗೆ ಎಷ್ಟಂತಮ್ಮ?"