ತಕ್ಕಡಿಯಲ್ಲಿ ಎಣಿಸಿದ ಪರಮಾಣುಗಳು

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತ ಪಾಠ ಮೋಲ್. ನಮ್ಮ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಶುರು ಮಾಡಲಿಲ್ಲ. ಲ್ಯಾಬಿನಲ್ಲಿ ಸುತ್ತ ನಿಲ್ಲಿಸಿಕೊಂಡು ನಾಲ್ಕು ರಾಶಿ ತೂಗಿಟ್ಟರು: 12 ಗ್ರಾಂ ಇಂಗಾಲ, 32 ಗ್ರಾಂ ಗಂಧಕ, 56 ಗ್ರಾಂ ಕಬ್ಬಿಣದ ಪುಡಿ, 63.5 ಗ್ರಾಂ ತಾಮ್ರ. "ಯಾವುದರಲ್ಲಿ ಪರಮಾಣು ಜಾಸ್ತಿ?" ಅಂತ ಕೇಳಿದರು. ನಮ್ಮಲ್ಲಿ ಹೆಚ್ಚಿನವರು ತಾಮ್ರದ ಕಡೆ ಬೆರಳು ತೋರಿಸಿದೆವು. ಉತ್ತರ: ನಾಲ್ಕರಲ್ಲೂ ಒಂದೇ. ಸುಮಾರು 6.022 × 10²³. ಇಷ್ಟು ಕಣಗಳಿದ್ದರೆ ಅದೇ ಒಂದು ಮೋಲ್. ಕಣ್ಣಿಗೆ ಕಾಣದ ಪರಮಾಣುಗಳನ್ನು ತೂಕ ಹಾಕಿಯೇ ಎಣಿಸಬಹುದು ಅಂದರೆ ಎಂಥ ಸೋಜಿಗ ಅಲ್ವಾ!

ಆಮೇಲೆ 7 ಗ್ರಾಂ ಕಬ್ಬಿಣ, 4 ಗ್ರಾಂ ಗಂಧಕ ಬೆರೆಸಿದರು. ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತಿತ್ತು. ಕಾಯಿಸಿದಾಗ ಮಿಶ್ರಣ ಕೆಂಪಗೆ ಕಾದು ಕಪ್ಪು ಗಟ್ಟಿಯಾಯಿತು. ಈಗ ಅದು ಐರನ್ ಸಲ್ಫೈಡ್. ಮೊದಲಿನಂತೆ ಕಬ್ಬಿಣವನ್ನು ಅಯಸ್ಕಾಂತದಿಂದ ಬೇರೆ ಮಾಡಲು ಆಗಲಿಲ್ಲ. ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸ ಅಲ್ಲೇ ತಿಳಿಯಿತು. "ಗಂಧಕ 6 ಗ್ರಾಂ ಇದ್ದಿದ್ದರೆ?" ಎಂದು ಮೇಷ್ಟ್ರು ಕೇಳಿದರು. 7 ಮತ್ತು 4 ಅಂದರೆ ಎರಡೂ ಮೋಲಿನ ಎಂಟನೇ ಒಂದು ಭಾಗ. ಕಬ್ಬಿಣ ಮುಗಿದ ಮೇಲೆ ಕ್ರಿಯೆಯೂ ಮುಗಿಯುತ್ತದೆ. 2 ಗ್ರಾಂ ಗಂಧಕ ಸುಮ್ನೆ ಉಳಿಯುತ್ತದೆ. ಹೀಗೆ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು, ಇಲ್ಲಿ ಕಬ್ಬಿಣ; ಲಿಮಿಟಿಂಗ್ ರಿಯೇಜೆಂಟ್ ಎಂದರೆ ಇಷ್ಟೇ. ಸಮೀಕರಣ ಸರಿದೂಗಿಸುವುದು, ದ್ರಾವಣದ ಮೊಲಾರಿಟಿ (ಒಂದು ಲೀಟರಿನಲ್ಲಿ ಎಷ್ಟು ಮೋಲ್ ಕರಗಿದೆ ಎಂಬ ಲೆಕ್ಕ), ಟೈಟ್ರೇಷನ್ (ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಗೊತ್ತಿಲ್ಲದ್ದರ ಪ್ರಮಾಣ ಅಳೆಯುವುದು) ಎಲ್ಲವೂ ಆ ನಂತರ ಸಲೀಸಾದವು. ಮೋಲ್ ಬಿಟ್ಟು ಬರೀ ಸೂತ್ರ ಉರು ಹೊಡೆದರೆ ಇವೆಲ್ಲ ಬೇರೆ ಬೇರೆ ಪಾಠಗಳಂತೆ ಕಾಣುತ್ತವೆ.

ಮೇಷ್ಟ್ರು ಇತಿಹಾಸವನ್ನೂ ಬಿಡುತ್ತಿರಲಿಲ್ಲ. ಒಂದೇ ಉಷ್ಣತೆ, ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನ ಎಂದು ಇಟಲಿಯ ವಿಜ್ಞಾನಿ ಅವೊಗಾಡ್ರೊ 1811ರಲ್ಲೇ ಹೇಳಿದ್ದರು. ಆದರೆ ಹೆಚ್ಚಿನವರು ಕಿವಿಗೊಡಲಿಲ್ಲ. ಅವೊಗಾಡ್ರೊ 1856ರಲ್ಲಿ ತೀರಿಕೊಂಡರು. ನಾಲ್ಕು ವರ್ಷಕ್ಕೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನ ವಿಜ್ಞಾನಿಗಳು ಸೇರಿದಾಗ, ಇಟಲಿಯ ರಸಾಯನ ವಿಜ್ಞಾನಿ ಕನಿಜಾರೊ ಆ ಮಾತನ್ನೇ ಆಧಾರ ಮಾಡಿಕೊಂಡು ಪರಮಾಣು ತೂಕಗಳ ಗೊಂದಲ ಬಿಡಿಸುವ ದಾರಿ ತೋರಿಸಿದರು. ಕೇಳುತ್ತಾ ಕೂತವರಲ್ಲಿ ರಷ್ಯಾದ ಯುವ ರಸಾಯನ ವಿಜ್ಞಾನಿ ಮೆಂಡಲೀವ್ ಕೂಡ ಇದ್ದರು. ತೂಕ ಸರಿಯಾದ ಮೇಲೆ ತಾನೇ ಧಾತುಗಳನ್ನು ಸಾಲಾಗಿ ಜೋಡಿಸಲು ಆಗುವುದು?

ಧಾತುಗಳನ್ನು ಹಾಗೆ ಜೋಡಿಸಿದ ಮೆಂಡಲೀವರ 1869ರ ಆವರ್ತ ಕೋಷ್ಟಕದಲ್ಲಿ ಖಾಲಿ ಜಾಗಗಳಿದ್ದವು. ಸಿಲಿಕಾನ್ ಕೆಳಗಿನ ಜಾಗಕ್ಕೆ ಪರಮಾಣು ತೂಕ ಸುಮಾರು 72 ಇರುವ ಧಾತು ಬರಬೇಕು ಎಂದು ಅವರು 1871ರಲ್ಲಿ ಲೆಕ್ಕ ಹಾಕಿದ್ದರು. 1886ರಲ್ಲಿ ಜರ್ಮೇನಿಯಂ ಸಿಕ್ಕಿತು. ಇವತ್ತಿನ ಲೆಕ್ಕದಲ್ಲಿ ಅದರ ತೂಕ 72.6. ಮೇಷ್ಟ್ರು ಈ ಎರಡು ಅಂಕೆಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ, ಕೊನೆಯ ಬೆಂಚಿನವರೂ ಚಪ್ಪಾಳೆ ತಟ್ಟಿದರು.