ಬಾಳೆಎಲೆ ಯಾರು ತರಬೇಕು?

ಮೈಸೂರಿನಲ್ಲಿ ನಮ್ಮ ಮನೆಯವರು ನಡೆಸುವ ಅಡುಗೆ ಕಂಟ್ರಾಕ್ಟಿನಲ್ಲಿ ಒಲೆಯ ಮುಂದೆ ನಿಲ್ಲುವವರು ಚಿಕ್ಕಪ್ಪ. ಆರ್ಡರ್ ಪುಸ್ತಕ, ಬಿಲ್ಲು ಮತ್ತು ಗಿರಾಕಿಗಳಿಗೆ ಕಳುಹಿಸುವ ವಾಟ್ಸ್ಆ್ಯಪ್ ಸಂದೇಶಗಳು ನನ್ನ ಪಾಲಿನವು. ಕೆಲವು ವರ್ಷಗಳ ಹಿಂದೆ ಒಂದು ಗೃಹಪ್ರವೇಶಕ್ಕೆ 280 ಎಲೆಯ ಊಟ ಒಪ್ಪಿಕೊಂಡಾಗ, ಮಾತುಕತೆ ಮುಗಿದ ಮೇಲೆ ನಾನು ಚೀಟಿಯೊಂದನ್ನು ಬರೆದು ಮನೆಯ ಯಜಮಾನರಿಗೆ ಕೊಟ್ಟು, ಅದರ ಪ್ರತಿಯನ್ನು ನಮ್ಮ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಅದರ ಕೊನೆಯ ಸಾಲು ಹೀಗಿತ್ತು: "ಬಾಳೆಎಲೆ ಹಿಂದಿನ ದಿನವೇ ತರಿಸಬೇಕು."

ಗೃಹಪ್ರವೇಶದ ಬೆಳಿಗ್ಗೆ ಏಳು ಗಂಟೆಗೆ ಇಡ್ಲಿ ಬೆಂದಿತ್ತು, ಕೇಸರಿಬಾತು ಇಳಿಸಿಯಾಗಿತ್ತು, ಎಲೆ ಮಾತ್ರ ಎಲ್ಲಿಯೂ ಇರಲಿಲ್ಲ. ಚಿಕ್ಕಪ್ಪ ಕೇಳಿದಾಗ ಯಜಮಾನರು ಗಾಬರಿಯಿಂದ, "ಅಲ್ಲಾ ಸ್ವಾಮಿ, ತರಿಸಬೇಕು ಅಂತ ನೀವೇ ಬರ್ಕೊಟ್ಟಿದ್ದೀರಲ್ಲ, ನೀವು ತರಿಸ್ತೀರಿ ಅಂತ ನಾವು ಸುಮ್ಮನಾದ್ವಿ" ಎಂದರು. ನಮ್ಮ ಹುಡುಗ ಸ್ಕೂಟರಿನಲ್ಲಿ ದೇವರಾಜ ಮಾರುಕಟ್ಟೆಗೆ ಓಡಿದ. ಅವನು ಬರುವವರೆಗೆ ಪಕ್ಕದ ಅಂಗಡಿಯಿಂದ ಅಡಿಕೆ ಹಾಳೆಯ ತಟ್ಟೆ ತರಿಸಿ ತಿಂಡಿ ಬಡಿಸಿದೆವು. ಮಧ್ಯಾಹ್ನದ ಊಟಕ್ಕೆ ಎಲೆ ಸಿಕ್ಕಿತು. ಆದರೆ ಹಲವು ಸೀಳಿದ್ದವು, ಕುಡಿಎಲೆಯಂತೂ ನಾಲ್ಕಾರು ಮಾತ್ರ. ಆ ಮನೆಯ ಅಜ್ಜಿ ಹೊಸಮನೆಯ ಮೊದಲ ಊಟ ಕುಡಿಎಲೆಯ ಮೇಲೆಯೇ ಆಗಬೇಕೆಂದು ವಾರದ ಮುಂಚೆಯೇ ಹೇಳಿಕಳುಹಿಸಿದ್ದರು. ಅವರು ನಮ್ಮನ್ನು ಬೈಯಲಿಲ್ಲ. ಸೀಳಿದ ಎಲೆಯ ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಜೋಡಿಸಿಟ್ಟು, ಅದರ ಮೇಲೆ ಉಪ್ಪು ಬಡಿಸಿಸಿಕೊಂಡರು. ಅದು ಇಂದಿಗೂ ನನ್ನ ಕಣ್ಣ ಮುಂದಿದೆ.

ಆ ರಾತ್ರಿ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಕಾಗುಣಿತದ ತಪ್ಪಿರಲಿಲ್ಲ, ವ್ಯಾಕರಣದ ತಪ್ಪೂ ಇರಲಿಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ಸಾಮಾನ್ಯವಾಗಿ ವಾಕ್ಯ ನಿಲ್ಲುತ್ತದೆ, ಏಕೆಂದರೆ ಕ್ರಿಯಾಪದದ ಕೊನೆಯೇ ಅದನ್ನು ತಿಳಿಸುತ್ತದೆ: "ತರುತ್ತೇವೆ" ಎಂದರೆ ನಾವು, "ತರುತ್ತೀರಿ" ಎಂದರೆ ನೀವು. "ಬೇಕು" ಎಂಬ ಮಾತಿಗೆ ಆ ಗುರುತಿಲ್ಲ. ನಾನು ತರಬೇಕು, ನೀವು ತರಬೇಕು, ಅವರು ತರಬೇಕು, ಎಲ್ಲಕ್ಕೂ ಅದೊಂದೇ ರೂಪ. ಬರೆದವನು ಅದರಲ್ಲಿ "ನೀವು" ಎಂದು ಓದಿಕೊಂಡ, ಓದಿದವರು "ಇವರು" ಎಂದು ಓದಿಕೊಂಡರು, ಇಬ್ಬರೂ ನಿಶ್ಚಿಂತರಾಗಿ ಮಲಗಿದರು. "ವ್ಯವಸ್ಥೆ ಮಾಡಲಾಗುವುದು", "ಒದಗಿಸಲಾಗುವುದು" ಎಂಬ ಕಚೇರಿ ಭಾಷೆಯ ಮಾತುಗಳಲ್ಲಿಯೂ ಇದೇ ತೊಡಕಿದೆ. ಅವು ಗಂಭೀರವಾಗಿ ಕೇಳಿಸುತ್ತವೆ ಎಂಬ ಕಾರಣಕ್ಕೆ ನಾವು ಅಂಗಡಿಯ ಕಾಗದಗಳಿಗೂ ಎಳೆದುಕೊಂಡು ಬರುತ್ತೇವೆ. ಆದರೆ ಮಾಡುವವರು ಯಾರೆಂಬುದು ಅವುಗಳಲ್ಲಿ ಮರೆಯಾಗಿಬಿಡುತ್ತದೆ. ಅಂದಿನಿಂದ ನಮ್ಮ ಚೀಟಿಯಲ್ಲಿ "ಬೇಕು" ಬಂದ ಕಡೆಯಲ್ಲೆಲ್ಲ ಅದರ ಹಿಂದೆ "ನಾವು" ಅಥವಾ "ನೀವು" ಇದ್ದೇ ಇರುತ್ತದೆ.

ದಿನ ಮತ್ತು ಹೊತ್ತಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಪಂಚಾಂಗದ ವಾರ ಸೂರ್ಯೋದಯಕ್ಕೆ ಆರಂಭವಾಗುತ್ತದೆ, ಗೋಡೆಯ ಕ್ಯಾಲೆಂಡರಿನ ತಾರೀಕು ನಡುರಾತ್ರಿಗೆ ಬದಲಾಗುತ್ತದೆ. ಹೀಗಾಗಿ ಬೆಳಗಿನ ಜಾವ ನಾಲ್ಕೂವರೆಯ ಮುಹೂರ್ತವು ಪುರೋಹಿತರ ಲೆಕ್ಕದಲ್ಲಿ ಇನ್ನೂ ಶುಕ್ರವಾರವಾಗಿದ್ದರೆ, ಛತ್ರದವರ ಪುಸ್ತಕದಲ್ಲಿ ಆಗಲೇ ಶನಿವಾರವಾಗಿರುತ್ತದೆ. ಇಬ್ಬರೂ ಹೇಳುವುದು ಸರಿಯೇ. ಆದರೆ ಅಡುಗೆಯವರು ಒಂದು ದಿನ ತಡವಾಗಿ ಬಂದರೆ ಆ ಸರಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದ್ದರಿಂದ ನಾನು "ಶುಕ್ರವಾರ ರಾತ್ರಿ ಕಳೆದು ಶನಿವಾರ ಬೆಳಗಿನ ಜಾವ 4.30" ಎಂದು ತಾರೀಕಿನೊಂದಿಗೆ ಬರೆದು, ಅದರ ಕೆಳಗೆ "ನಮ್ಮವರು ಶುಕ್ರವಾರ ರಾತ್ರಿ 11ಕ್ಕೆ ಒಲೆ ಹಚ್ಚುತ್ತಾರೆ" ಎಂದು ಸೇರಿಸುತ್ತೇನೆ. ಸಾಲು ಉದ್ದವಾಗುತ್ತದೆ, ಆಗಲಿ. ಸ್ಪಷ್ಟವಾಗಿ ಬರೆಯುವುದೆಂದರೆ ಚಿಕ್ಕದಾಗಿ ಬರೆಯುವುದೆಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಂದೇಶದಲ್ಲಿ "ನಾಳೆ", "ನಾಡಿದ್ದು" ಎಂಬ ಪದಗಳನ್ನೂ ಬಿಟ್ಟಿದ್ದೇನೆ. ರಾತ್ರಿ ಕಳುಹಿಸಿದ್ದನ್ನು ಬೆಳಿಗ್ಗೆ ಓದಿದವರಿಗೆ "ನಾಳೆ" ಒಂದು ದಿನ ಮುಂದಕ್ಕೆ ಹೋಗಿಬಿಟ್ಟಿರುತ್ತದೆ.

ಹಣದ ಮಾತಿನಲ್ಲಿ ಸಂಕೋಚ ಅಡ್ಡ ಬರುತ್ತದೆ. "ಎಲೆಗೆ 300, ತೆರಿಗೆ ಪ್ರತ್ಯೇಕ" ಎಂದು ಬರೆದರೆ ಬರೆದವರ ಕರ್ತವ್ಯ ಮುಗಿಯಿತೆಂದು ತೋರುತ್ತದೆ. 500 ಎಲೆಗೆ ಅದು 1,50,000 ರೂಪಾಯಿ. ಅದರ ಮೇಲೆ ಶೇ. 5ರ ಜಿಎಸ್‌ಟಿ 7,500. ಮಗಳ ಮದುವೆಗೆಂದು ಒಂದೊಂದು ರೂಪಾಯಿಯನ್ನೂ ಲೆಕ್ಕ ಹಾಕಿಟ್ಟವರಿಗೆ ಕೊನೆಯ ದಿನ ಎದುರಾಗುವ 7,500 ಸಣ್ಣ ಮೊತ್ತವಲ್ಲ. ಹಾಗಾಗಿ ಒಟ್ಟು 1,57,500 ಎಂದು ಮೊದಲ ದಿನವೇ ಬರೆದುಬಿಡುತ್ತೇನೆ. ನೀರಿನ ಬಾಟಲಿ, ಬೀಡಾ, ಬಡಿಸುವವರ ಕೂಲಿ ಇದರಲ್ಲಿ ಸೇರಿವೆಯೇ ಇಲ್ಲವೇ, ಎಲೆ ಕಡಿಮೆ ಬಿದ್ದರೆ ಕನಿಷ್ಠ ಎಷ್ಟರ ಹಣ, ಹೆಚ್ಚಾದರೆ ಎಣಿಸುವವರು ಯಾರು, ಇವೂ ಅದೇ ಹಾಳೆಯಲ್ಲಿರುತ್ತವೆ. ಹೀಗೆ ಬರೆದರೆ ನಂಬಿಕೆಯಿಲ್ಲದವರಂತೆ ಕಾಣುತ್ತೇವೆಂದು ಚಿಕ್ಕಪ್ಪ ಮೊದಮೊದಲು ಹಿಂಜರಿದರು. ನನಗೆ ಅನ್ನಿಸುವುದು ಬೇರೆ: ಕೈತೊಳೆದು ತಾಂಬೂಲ ತೆಗೆದುಕೊಳ್ಳುವ ಹೊತ್ತಿನಲ್ಲಿ ಬೀಗರ ಎದುರಿಗೆ ಲೆಕ್ಕದ ಜಗಳವಾಗದಂತೆ ನೋಡಿಕೊಳ್ಳುವುದೂ ನಮ್ಮ ಅಡುಗೆಯಷ್ಟೇ ನಮ್ಮ ಜವಾಬ್ದಾರಿ.

ಇನ್ನು "ನೋಡೋಣ" ಎಂಬ ಮಾತು. ಬಾಯಿಂದ ಬಂದಾಗ ದನಿಯಿಂದ ಅದು ಹೂಂ ಎಂದೋ ಉಹೂಂ ಎಂದೋ ತಿಳಿಯುತ್ತದೆ, ಆದರೆ ಬರಹದಲ್ಲಿ ದನಿಯಿರುವುದಿಲ್ಲ. ಆಗದಿದ್ದರೆ "ಆ ದಿನ ನಮಗೆ ಬೇರೆ ಕಡೆ ಒಪ್ಪಿಗೆಯಾಗಿದೆ, ದಯವಿಟ್ಟು ಬೇರೆಯವರನ್ನು ವಿಚಾರಿಸಿ" ಎಂದು ಅದೇ ದಿನ ಬರೆದು ಕಳುಹಿಸುತ್ತೇನೆ.

ಈಗ ಚೀಟಿ ಬರೆದಾದ ಮೇಲೆ ಚಿಕ್ಕಪ್ಪನಿಗೆ ಗಟ್ಟಿಯಾಗಿ ಓದಿ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಅವರು ತರಕಾರಿ ಹೆಚ್ಚುತ್ತಲೇ ಕೇಳಿಸಿಕೊಳ್ಳುತ್ತಾರೆ, ಅನುಮಾನ ಬಂದ ಕಡೆ ಈಳಿಗೆಯ ಸದ್ದು ನಿಲ್ಲುತ್ತದೆ. ಮೊನ್ನೆ ಒಂದು ನಾಮಕರಣದ ಚೀಟಿ ಓದುವಾಗ "ಗ್ಯಾಸ್ ಸಿಲಿಂಡರ್ ಎರಡು" ಎಂಬಲ್ಲಿ ಸದ್ದು ನಿಂತಿತು. "ಯಾರದ್ದಪ್ಪಾ?" ಎಂದರು. ನಾನು "ನಾವು ತರುತ್ತೇವೆ" ಎಂದು ಸೇರಿಸಿ, ಮುಂದಿನ ಸಾಲಿಗೆ ಹೋದೆ.