ಇಸವಿ ನೋಡದೆ ಹಾಕಿದ ನಾಗರಹಾವು

ರಾಷ್ಟ್ರಗೀತೆ ಮುಗಿಯಿತು. ಜನ ಕೂತರು. ಪರದೆ ಕಪ್ಪಾಯಿತು. ಅಲ್ಲಿಂದ 42 ನಿಮಿಷ ಅದು ಕಪ್ಪಾಗಿಯೇ ಇತ್ತು.

2018ರ ಮಾತು. ಬಾಗಲಕೋಟೆಯ ಒಂದು ಸಿಂಗಲ್ ಸ್ಕ್ರೀನ್ ಥಿಯೇಟರಿನಲ್ಲಿ ನಾನು ಆಪರೇಟರ್. ಈಗಲೂ ಅದೇ ಕ್ಯಾಬಿನ್, ಅದೇ ಕೆಲಸ. ಆ ಶುಕ್ರವಾರ ಹಾಕಬೇಕಿದ್ದದ್ದು ‘ನಾಗರಹಾವು’. ಪುಟ್ಟಣ್ಣ ಕಣಗಾಲರ 1972ರ ಚಿತ್ರ. ಅದನ್ನು ಡಿಜಿಟಲ್ ಮಾಡಿ, ಸೌಂಡನ್ನು 7.1ಕ್ಕೆ ಹೊಸದಾಗಿ ಕೂಡಿಸಿ ಆ ವರ್ಷದ ಜುಲೈ 20ಕ್ಕೆ ಮತ್ತೆ ಬಿಡುಗಡೆ ಮಾಡಿದ್ದರು. ನಮ್ಮಲ್ಲಿಗೆ ಬಂದಾಗ ಬೆಳಗಿನ ಶೋಗೇ ಬಾಲ್ಕನಿ ತುಂಬಿತು. ಫಸ್ಟ್ ಡೇಗೆ ಬರುವ ಹುಡುಗರಲ್ಲ ಅವರು. ಧೋತರ ಉಟ್ಟವರು, ಇಳಕಲ್ ಸೀರೆಯವರು, ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಮುಂಚಿನ ಊರಿನಲ್ಲಿ ಇದೇ ಚಿತ್ರ ನೋಡಿದ್ದವರು. ಮೊಮ್ಮಕ್ಕಳ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಕ್ಯಾಬಿನ್ ಕಿಟಕಿಯಿಂದ ಅದನ್ನು ನೋಡಿ ನನಗೂ ಖುಷಿಯಾಗಿತ್ತು.

ಗುರುವಾರ ರಾತ್ರಿ ಸೆಕೆಂಡ್ ಶೋ ಬಿಟ್ಟ ಮೇಲೆ ಪ್ಲೇಲಿಸ್ಟ್ ಕಟ್ಟಿದ್ದೆ. ಕಂಟೆಂಟ್, ಅಂದರೆ ಚಿತ್ರದ ಫೈಲು, ಮಧ್ಯಾಹ್ನವೇ ಚಿತ್ರ ಓಡಿಸುವ ಸರ್ವರಿಗೆ ಇಳಿದಿತ್ತು. ಹಳೇ ಪ್ಲೇಲಿಸ್ಟ್ ಕಾಪಿ ಮಾಡಿದೆ, ಹೋದ ವಾರದ ಚಿತ್ರ ತೆಗೆದೆ, ಪಟ್ಟಿಯಲ್ಲಿ ನಾಗರಹಾವು ಅಂತ ಕಂಡದ್ದನ್ನು ಎಳೆದು ರಾಷ್ಟ್ರಗೀತೆಯ ಕೆಳಗೆ ಇಟ್ಟೆ. ಪಕ್ಕದಲ್ಲಿ ಕೆಂಪು ಬೀಗ. ಗುರುವಾರ ರಾತ್ರಿ ಬೀಗ ಕೆಂಪಗೇ ಇರುತ್ತದೆ, ಯಾಕಂದರೆ ಕೀ, ಅಂದರೆ ಚಿತ್ರದ ಫೈಲಿನ ಬೀಗ ತೆಗೆಯಲು ಹಂಚಿಕೆಯವರು ಕಳಿಸುವ ಸಣ್ಣ ಫೈಲು, ತೆರೆಯುವುದು ಶುಕ್ರವಾರ. ವರ್ಷಗಟ್ಟಲೆ ಪ್ರತಿ ಗುರುವಾರ ಆ ಕೆಂಪು ನೋಡಿ ನೋಡಿ ನನ್ನ ಕಣ್ಣಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೊಮ್ಮೆ ನೋಡಬೇಕಿತ್ತು. ಎಕ್ಸಾಸ್ಟ್ ಫ್ಯಾನ್ ಸದ್ದು ಮಾಡುತ್ತಿದೆ ಅಂತ ಅದರ ಹಿಂದೆ ಬಿದ್ದೆ. ಪ್ರೊಜೆಕ್ಟರ್ ಲ್ಯಾಂಪ್ ಎಷ್ಟು ತಾಸು ಉರಿದಿದೆ ಅಂತ ಬರೆದುಕೊಂಡೆ. 10.30ಕ್ಕೆ ಪ್ಲೇ ಒತ್ತಿದೆ.

ಜಾಹೀರಾತು ಓಡಿತು, ಟ್ರೇಲರ್ ಓಡಿತು. ಅವಕ್ಕೆ ಕೀ ಬೇಡ ನೋಡಿ. ಸೆನ್ಸಾರ್ ಸರ್ಟಿಫಿಕೇಟ್ ಬರಬೇಕಾದ ಕಡೆ ಎಲ್ಲಾ ನಿಂತಿತು.

ಮೊದಲ ನಿಮಿಷ ಸಿಳ್ಳೆ. ಎರಡನೆಯದರಲ್ಲಿ ಚಪ್ಪಾಳೆ. ನಾನು ಪ್ರೊಜೆಕ್ಟರಿನ ಬೆಳಕು ತಡೆಯುವ ಡೌಸರ್ ಮುಚ್ಚಿ, ಹಾಲ್ ಲೈಟ್ ಹಾಕಿ, ಸರ್ವರ್ ಪರದೆ ನೋಡಿದೆ. ಈ ಕಂಟೆಂಟಿಗೆ ಕೀ ಇಲ್ಲ ಅಂತ ಬರೆದಿತ್ತು. ಅಷ್ಟೇ ಸಾಕಾಯಿತು ನನಗೆ. ಮ್ಯಾನೇಜರ್ ಸಾಹೇಬರು ಓಡಿ ಬಂದರು, “ಏನಾತೋ?” ಅಂದರು. “ಕೀ ಬಂದಿಲ್ರೀ ಸಾಹೇಬ್ರ, ಹುಬ್ಬಳ್ಳಿಯವರು ಕಳಿಸಿಲ್ಲ” ಅಂದೆ. ಕಳಿಸಿದ್ದಾರೋ ಇಲ್ಲವೋ ನೋಡದೆ ಆಡಿದ ಮಾತು ಅದು. ಕೀ ತಡವಾಗಿ ಬಂದು ಶೋ ತಡವಾದದ್ದು ಹಿಂದೆ ಬೇಕಾದಷ್ಟು ಸಲ ಆಗಿತ್ತು. ಇದೂ ಅದೇ ಅಂತ ತೀರ್ಮಾನ ಮಾಡಿಬಿಟ್ಟೆ.

ಹುಬ್ಬಳ್ಳಿಯ ಹಂಚಿಕೆ ಆಫೀಸಿಗೆ ಫೋನ್ ಮಾಡಿದೆ. “ಕೀ ನಿನ್ನೇನ ಮೇಲ್ ಮಾಡೇವಿ, ನೋಡ್ರಿ” ಅಂದರು. ನೋಡಿದೆ, ಬಂದಿತ್ತು. ಪೆನ್‌ಡ್ರೈವಿಗೆ ಹಾಕಿ ಲೋಡ್ ಮಾಡಿದೆ. ಬೀಗ ಕೆಂಪು. ಮತ್ತೆ ಮಾಡಿದೆ. ಕೆಂಪು. ಮತ್ತೆ ಫೋನ್ ಮಾಡಿ, “ನಿಮ್ಮ ಕೀನೇ ತಪ್ಪೈತಿ” ಅಂತ ದನಿ ಏರಿಸಿದೆ. ಅವರೂ ಏರಿಸಿದರು.

ಆಮೇಲೆ ಹೆಲ್ಪ್‌ಡೆಸ್ಕ್. ಆ ಕಡೆ ಒಬ್ಬ ಹುಡುಗಿ, ಬಹಳ ಸಮಾಧಾನದಿಂದ ಮಾತಾಡಿದಳು. ಸರ್ವರ್ ಸೀರಿಯಲ್ ನಂಬರ್ ಕೇಳಿದಳು, ಓದಿದೆ, ಸರಿ ಇತ್ತು. ಗಡಿಯಾರ ಸರಿ ಇದೆಯಾ ಅಂದಳು, ಇತ್ತು. “ಸರ್, ಪ್ಲೇಲಿಸ್ಟಿನಲ್ಲಿ ಇರುವ ಸಿಪಿಎಲ್ ಐಡಿ ಒಮ್ಮೆ ಓದ್ತೀರಾ?” ಅಂದಳು. ಆ ಹೊತ್ತಿಗೆ ಕೆಳಗೆ ಕುರ್ಚಿ ಬಡಿಯುತ್ತಿದ್ದರು. ಪ್ರತಿ ಚಿತ್ರದ ಫೈಲಿಗೂ ಬೇರೆ ಬೇರೆ ಇರುವ 32 ಅಕ್ಷರದ ಗುರುತು ಅದು. “ಅಷ್ಟುದ್ದ ಓದಾಕ ಟೈಮಿಲ್ಲ ಮೇಡಂ, ರೀಬೂಟ್ ಮಾಡ್ತೀನಿ” ಅಂತ ಫೋನ್ ಇಟ್ಟೆ.

ಈ ಒಂದು ನಿಮಿಷವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಆ ಹುಡುಗಿ ಉತ್ತರದ ಬಾಗಿಲಿಗೇ ಬಂದು ನಿಂತಿದ್ದಳು. ನಾನು ಓದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬದಲು ರೀಬೂಟ್ ಒತ್ತಿದೆ, ನಮ್ಮ ಸರ್ವರ್ ಮೇಲೇಳಲು ಹತ್ತು ಹನ್ನೆರಡು ನಿಮಿಷ ಬೇಕು, ಆ ಹನ್ನೆರಡು ನಿಮಿಷ ನಾನು ಮಾಡುವುದಕ್ಕೆ ಏನೂ ಇರಲಿಲ್ಲ, ಕೈ ಕಟ್ಟಿ ನಿಂತು ಕಿಟಕಿಯಿಂದ ಜನರ ತಲೆ ನೋಡುತ್ತಿದ್ದೆ. ಮುಂದಿನ ಸಾಲಿನಲ್ಲಿ ಒಂದು ಮಗು ಅಳುತ್ತಿತ್ತು. ಸರ್ವರ್ ಎದ್ದಿತು. ಬೀಗ ಕೆಂಪು.

ಅಷ್ಟೊತ್ತಿಗೆ ಕಾಕಾ ಮೇಲೆ ಬಂದರು. ನಮ್ಮ ಹಳೇ ಆಪರೇಟರ್. ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸಿ ರೀಲು ಓಡಿಸಿದವರು. ಡಿಜಿಟಲ್ ಬಂದ ಮೇಲೆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ಇಂಗ್ಲಿಷ್ ಓದಲು ಬರುವುದಿಲ್ಲ, ಅಂಕಿ ಗೊತ್ತು. ಸರ್ವರ್ ಪರದೆಯ ಹತ್ತಿರ ಮುಖ ತಂದು ಬಲಗಡೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು.

“ಇದು ಎರಡು ತಾಸಿನ ಚಿಲ್ರೆ ಪಿಚ್ಚರ್ ಐತಲ್ಲೋ ತಮ್ಮಾ.”

“ಹೌದ್ರಿ ಕಾಕಾ, ಏನೀಗ?”

“ನಾಗರಹಾವು ಮೂರು ತಾಸಿಂದು. ನಾ ಓಡಿಸೀನಿ. ಇದು ಯಾವ್ದೋ ಬ್ಯಾರೆ.”

ಪಟ್ಟಿ ಕೆಳಗೆ ಸರಿಸಿದೆ. ಇನ್ನೊಂದು ನಾಗರಹಾವು ಇತ್ತು. ಅದರ ಪಕ್ಕ ಹಸಿರು ಬೀಗ. ಕೀ ಲೋಡ್ ಮಾಡಿದಾಗಿನಿಂದಲೂ ಹಸಿರಾಗಿಯೇ ಇತ್ತು.

ನಾನು ಹಾಕಿದ್ದು 2016ರ ನಾಗರಹಾವು. ಕೋಡಿ ರಾಮಕೃಷ್ಣ ಅವರದು, ರಮ್ಯಾ ಅವರದು, ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸಿನಲ್ಲಿ ಮತ್ತೆ ತೋರಿಸಿದ್ದ ಚಿತ್ರ. ಅದು ಬಂದು ಹೋಗಿ ಸುಮಾರು ಎರಡು ವರ್ಷವಾಗಿತ್ತು, ಕೀ ಯಾವತ್ತೋ ಮುಗಿದಿತ್ತು, ಫೈಲನ್ನು ಮಾತ್ರ ಯಾರೂ ಅಳಿಸಿರಲಿಲ್ಲ. ಯಾರೂ ಅಂದರೆ ನಾನೇ. ಅಳಿಸುವ ಕೆಲಸ ನನ್ನದೇ. ಸರ್ವರ್‌ನಲ್ಲಿ ಹೆಸರಿನ ಕಾಲಮ್ ಎಷ್ಟು ಸಣ್ಣದು ಅಂದರೆ ಎರಡೂ ಸಾಲಿನಲ್ಲಿ ನಾಗರಹಾವು, ಎಫ್‌ಟಿಆರ್ (ಫೀಚರ್, ಅಂದರೆ ಪೂರ್ತಿ ಚಿತ್ರ), ಆಮೇಲೆ ಮೂರು ಚುಕ್ಕಿ. ಮುಂದಿನದು ಕಾಣುವುದಿಲ್ಲ. ಈ ಕಾಲಮ್ ಅಗಲ ಮಾಡಿಕೊಡಿ ಅಂತ ಸರ್ವಿಸ್ ಇಂಜಿನಿಯರಿಗೆ ಎಷ್ಟು ಸಲ ಹೇಳಿದ್ದೇನೆ, ಇವತ್ತಿಗೂ ಹಾಗೇ ಇದೆ. ಶುಕ್ರವಾರ ಬೆಳಿಗ್ಗೆ ಮಾತ್ರ ಇನ್ನೊಬ್ಬ ಕೈಯಾಳು ಕೊಡಿ ಅಂತ ಮೇಲಿನವರಿಗೂ ಕೇಳಿದ್ದೇನೆ. ಅದೂ ಹಾಗೇ ಇದೆ.

ಕೊನೆಗೂ ಚಿತ್ರ ಶುರುವಾಯಿತು. ಚಿತ್ರದುರ್ಗದ ಕೋಟೆ ಬಂತು. ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಬಂದಾಗ ಬಾಲ್ಕನಿಯಲ್ಲಿ ಯಾರೋ ಜೋರಾಗಿ “ಮೇಷ್ಟ್ರ!” ಅಂದರು, ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಕುರ್ಚಿ ಬಡಿದಿದ್ದವರೇ. ಕ್ಯಾಬಿನ್‌ನಲ್ಲಿ ಕೂತು ನನ್ನ ಕಣ್ಣು ತುಂಬಿತು.

ಇಂಟರ್‌ವಲ್ ಐದೇ ನಿಮಿಷ ಬಿಟ್ಟೆವು. ಆದರೂ ಒಂದೂವರೆ ಹೊತ್ತಿಗೆ ಒಬ್ಬ ಅಜ್ಜ ಎದ್ದು ಹೊರಟರು. ಕಲಾದಗಿ ಕಡೆಯವರು. ಬೆಳಿಗ್ಗೆ ಕೌಂಟರಿನಲ್ಲಿ, ಮದುವೆಯಾದ ಹೊಸದರಲ್ಲಿ ಹೆಂಡತಿ ಜೊತೆ ಈ ಚಿತ್ರ ನೋಡಿದ್ದೆ ಅಂತ ಹೇಳಿ ಒಂದೇ ಟಿಕೆಟ್ ತಗೊಂಡಿದ್ದರಂತೆ. ಬಸ್ಸಿನ ಹೊತ್ತಾಗಿತ್ತು. ಶೋ ಸರಿಯಾದ ಟೈಮಿಗೆ ಶುರುವಾಗಿದ್ದರೆ ಅಷ್ಟೊತ್ತಿಗೆ ಚಿತ್ರ ಮುಗಿಯುತ್ತಾ ಬಂದಿರುತ್ತಿತ್ತು. ನಾನು ಕೆಳಗಿಳಿದು ಹೋಗಿ, “ತಪ್ಪು ನಂದೈತ್ರಿ ಅಜ್ಜಾ, ಸಂಜೀಗೆ ಬರ್ರಿ, ಟಿಕೆಟ್ ಬ್ಯಾಡ” ಅಂದೆ. ಅವರು ನನ್ನ ಭುಜ ತಟ್ಟಿ, “ಕೊನೀದು ಗೊತ್ತೈತಿ ಬಿಡಪಾ, ಮೇಷ್ಟ್ರನ್ನ ನೋಡಿದ್ನಲ್ಲ” ಅಂತ ಹೇಳಿ ಹೋದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ ಅನಿಸುತ್ತದೆ.

ಅಂದಿನಿಂದ ನಾನು ಹೆಸರು ನಂಬುವುದನ್ನು ಬಿಟ್ಟೆ. ಸುಮ್ನೆ ಹೇಳುತ್ತಿಲ್ಲ, ಕನ್ನಡದಲ್ಲಿ ಇದು ಎಷ್ಟು ಇದೆ ಅಂತ ಲೆಕ್ಕ ಹಾಕಿ ನೋಡಿ. ನಾಗರಹಾವು ಎರಡಲ್ಲ, ಮೂರು. 2002ರಲ್ಲಿ ಉಪೇಂದ್ರ ಅವರದೂ ಒಂದು ಬಂದಿದೆ, ಅದು ಹಿಂದಿಯ ‘ಬಾಝಿಗರ್’ ರೀಮೇಕ್, ಹಳೆಯ ಕತೆಗೂ ಅದಕ್ಕೂ ಸಂಬಂಧವೇ ಇಲ್ಲ. ‘ಯಜಮಾನ’ ಅಂದರೆ 2000ದಲ್ಲಿ ವಿಷ್ಣುವರ್ಧನ್, 2019ರಲ್ಲಿ ದರ್ಶನ್. ‘ಗಂಧದ ಗುಡಿ’ ಅಂದರೆ 1973ರಲ್ಲಿ ರಾಜಕುಮಾರ್, 2022ರಲ್ಲಿ ಮಗ ಪುನೀತ್. ಆ ಎರಡನೆಯದಕ್ಕೆ ಬಂದ ಜನ ಕಣ್ಣೊರೆಸಿಕೊಂಡೇ ಹೊರಗೆ ಹೋದರು.

ರಾಮಾಚಾರಿ ಎಂಬ ಒಂದು ಹೆಸರು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ತ.ರಾ.ಸು. ಕಾದಂಬರಿಯಿಂದ 1972ರ ನಾಗರಹಾವಿಗೆ ಬಂತು. ಆ ಚಿತ್ರ ತೆಗೆದ ಎನ್. ವೀರಾಸ್ವಾಮಿಯವರ ಮಗ ರವಿಚಂದ್ರನ್ 1991ರಲ್ಲಿ ‘ರಾಮಾಚಾರಿ’ ಆದರು, ಕತೆ ಮಾತ್ರ ತಮಿಳಿನ ‘ಚಿನ್ನ ತಂಬಿ’ಯದು. 2014ರ ಕ್ರಿಸ್‌ಮಸ್‌ಗೆ ಯಶ್ ಅವರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂತು, ಅದರ ನಾಯಕ ವಿಷ್ಣುವರ್ಧನ್ ಅಭಿಮಾನಿ. 2022ರಲ್ಲಿ ಕಲರ್ಸ್ ಕನ್ನಡದಲ್ಲಿ ಅದೇ ಹೆಸರಿನ ಧಾರಾವಾಹಿ ಶುರುವಾಯಿತು. ಈಗ ನಮ್ಮ ಓಣಿಯಲ್ಲಿ ರಾಮಾಚಾರಿ ಅಂದರೆ ಮನೆಯ ಹೆಂಗಸರಿಗೆ ಒಬ್ಬ, ನನಗೆ ಒಬ್ಬ, ಕಾಕಾಗೆ ಒಬ್ಬನೇ ಒಬ್ಬ.

‘ಗೀತಾ’ ಬಂದಾಗಲೂ ಹಾಗೇ. 2019ರ ಸೆಪ್ಟೆಂಬರ್, ಗಣೇಶ್ ಅವರ ಚಿತ್ರ. ಕೌಂಟರಿಗೆ ಫೋನ್ ಮಾಡಿದವರಲ್ಲಿ ವಯಸ್ಸಾದವರು ಕೇಳಿದ್ದು ಒಂದೇ, ಶಂಕರ್ ನಾಗ್‌ದಾ? ಅವರಿಗೆ 1981ರದೇ ಗೀತಾ, ಇಳಯರಾಜಾ ಹಾಡಿನ ಗೀತಾ. ಹೊಸದರಲ್ಲಿ ಗೋಕಾಕ್ ಚಳವಳಿಯ ಹಿನ್ನೆಲೆ ಇದೆ ಅಂತ ಕೇಳಿ, ನಮ್ಮ ಪಕ್ಕದ ಜಿಲ್ಲೆಯ ಗೋಕಾಕದ ಕತೆ ಅಂದುಕೊಂಡವರೂ ಇದ್ದರು. ಆ ಗೋಕಾಕ್ ಊರಲ್ಲ, ವರದಿ ಕೊಟ್ಟ ವಿ.ಕೃ. ಗೋಕಾಕರು. ಮುಂದಿನ ವರ್ಷ ಗೀತಾ ಹೆಸರಿನ ಧಾರಾವಾಹಿಯೂ ಬಂತು. ಆ 1981ರ ಚಿತ್ರದ ಹಾಡಿನ ಸಾಲೇ ‘ಜೊತೆ ಜೊತೆಯಲಿ’ ಅಂತ 2006ರಲ್ಲಿ ಪ್ರೇಮ್, ರಮ್ಯಾ ಅವರ ಚಿತ್ರವಾಯಿತು, 2019ರಲ್ಲಿ ಝೀ ಕನ್ನಡದಲ್ಲಿ ಅನಿರುದ್ಧ್ ಅವರ ಧಾರಾವಾಹಿಯಾಯಿತು.

ಹಳೇ ಹೆಸರು ಇಡಬಾರದು ಅಂತ ನಾನು ಹೇಳುವುದಿಲ್ಲ. ಜನರಿಗೆ ಪ್ರೀತಿ ಇದೆ ಅಂತಲೇ ಇಡುತ್ತಾರೆ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಊರು ನಮ್ಮದು. ಆದರೆ ಒಂದೇ ಹೆಸರಿನ ಇಬ್ಬರು ಇದ್ದ ಮನೆಯಲ್ಲಿ ದೊಡ್ಡಾಂವ, ಸಣ್ಣಾಂವ ಅಂತ ಕರೆಯುತ್ತೇವೆ ಅಲ್ವಾ? ಪೋಸ್ಟರಿನವರು, ಆ್ಯಪಿನವರು, ಸರ್ವರಿನವರು ಅಷ್ಟಾದರೂ ಮಾಡಬೇಕು. ನವನಗರ ಅಂತ ಮಾತ್ರ ಬರೆದು ಕಳಿಸಿದ ಹಾರ್ಡ್ ಡಿಸ್ಕ್ ಒಮ್ಮೆ ಹುಬ್ಬಳ್ಳಿಯ ನವನಗರಕ್ಕೆ ಹೋಗಿ ಕೂತಿತ್ತು. ನಾನು ಇಲ್ಲಿ ಬಾಗಲಕೋಟೆಯ ನವನಗರದಲ್ಲಿ ಕಾಯುತ್ತಿದ್ದೆ.

ಈಗ ಕ್ಯಾಬಿನ್ ರಿಜಿಸ್ಟರಿನಲ್ಲಿ ಪ್ರತಿ ಚಿತ್ರದ ಮುಂದೆ ಇಸವಿ, ಭಾಷೆ, ಎಷ್ಟು ನಿಮಿಷ, ಸಿಪಿಎಲ್ ಐಡಿಯ ಕೊನೆಯ ನಾಲ್ಕು ಅಕ್ಷರ ಬರೆಯುತ್ತೇನೆ. ಶುಕ್ರವಾರ 9 ಗಂಟೆಗೆ ಬೀಗ ನೋಡುತ್ತೇನೆ, ಫ್ಯಾನ್ ಆಮೇಲೆ. ‘ಅಪ್ಪು’ 2025ರ ಮಾರ್ಚ್‌ನಲ್ಲಿ ಮತ್ತೆ ಬಿಡುಗಡೆಯಾದಾಗಲೂ ‘ಅಪ್ಪು, 2002, ಕನ್ನಡ’ ಅಂತ ಬರೆದೆ. ಅದನ್ನು ನೋಡಿ ಹೊಸ ಹುಡುಗ, “ಅಣ್ಣಾ, ಅಪ್ಪು ಅಂದ್ರ ಒಂದ ಅಲ್ಲೇನ್ರಿ?” ಅಂದ. ತಮಿಳಿನಲ್ಲಿ 2000ದಲ್ಲಿ ಪ್ರಶಾಂತ್ ಅವರ ‘ಅಪ್ಪು’ ಇದೆ ಅಂತ ತೋರಿಸಿದೆ. ಅವನು ಸುಮ್ಮನೆ ಪೆನ್ನು ತಗೊಂಡು ಮುಂದಿನ ಸಾಲು ತಾನೇ ಬರೆದ.

ಹೆಲ್ಪ್‌ಡೆಸ್ಕಿನ ಆ ಹುಡುಗಿಗೆ ಅವತ್ತೇ ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ. ಹುಬ್ಬಳ್ಳಿಯವರಿಗೂ ಮಾಡಿದೆ. ಮ್ಯಾನೇಜರ್ ಸಾಹೇಬರಿಗೆ, ಕೀ ಬಂದಿತ್ತು, ತಪ್ಪು ನನ್ನದು ಅಂತ ಹೇಳಿದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿ, “ಕಾಕಾಗ ಒಂದು ಚಾ ಹೇಳು” ಅಂದರು.

ರಾತ್ರಿ ಸೆಕೆಂಡ್ ಶೋ ಬಿಟ್ಟ ಮೇಲೆ 2016ರ ಫೈಲು ಅಳಿಸಲು ಕೂತೆ. ಸರ್ವರ್ ಕೇಳಿತು, ಖಂಡಿತ ಅಳಿಸಲೇ ಅಂತ. ಒಳಗೆ ಹೋಗಿ ಹೆಸರು ಪೂರ್ತಿ ತೆರೆದು ಓದಿದೆ. ನಿಮಿಷ ನೋಡಿದೆ. ಐಡಿಯನ್ನು, ಆ 32 ಅಕ್ಷರವನ್ನು, ಒಂದೊಂದಾಗಿ ಕೀ ಫೈಲಿನ ಜೊತೆ ಹಿಡಿದು ನೋಡಿದೆ. ಆಮೇಲೂ ಕೈ ಬರಲಿಲ್ಲ. ಗೇಟಿಗೆ ಬೀಗ ಹಾಕುತ್ತಿದ್ದ ಕಾಕಾನನ್ನು ಮೇಲಕ್ಕೆ ಕರೆದೆ. ಅವರು ಮೆಟ್ಟಿಲು ಹತ್ತಿ ಬಂದು, ಅದೇ ಕಾಲಮ್ಮಿನ ಮೇಲೆ ಬೆರಳಿಟ್ಟು ನೋಡಿ, “ಹಾಂ, ಇದ. ತಗಿ” ಅಂದರು.

ಒತ್ತಿದೆ.